ಹಾಡುಗಳೆಲ್ಲಿ? ವ್ಯಾನ್ ಡೈಕ್ ಪಾರ್ಕ್ಸ್ ಅವರ ‘ಸಾಂಗ್ ಸೈಕಲ್’ ಕೇಳುವ ಬಗೆ

‘ವರ್ಷದ ಆಲ್ಬಮ್’ ಒಂದರ ಮೇಲೆ ನಾವು 35,509 ಡಾಲರ್ 50 ಸೆಂಟ್ ಕಳೆದುಕೊಂಡದ್ದು ಹೇಗೆ? ಇಂಥದೊಂದು ತಲೆಬರಹ ಹೊತ್ತ ಜಾಹೀರಾತನ್ನು ವಾರ್ನರ್ ಬ್ರದರ್ಸ್ ರೆಕಾರ್ಡ್ ಕಂಪನಿ 1968ರಲ್ಲಿ ಅಮೆರಿಕದ ಪತ್ರಿಕೆಗಳಿಗೆ ಕೊಟ್ಟಿತ್ತು. ಬರೆದವರು ಕಂಪನಿಯ ಸ್ಟ್ಯಾನ್ ಕಾರ್ನಿನ್. ಅದರ ಬೆನ್ನಿಗೇ ಇನ್ನೊಂದು ಜಾಹೀರಾತು ಬಂತು: ಕೇಳಿ ಕೇಳಿ ಸವೆದ ನಿಮ್ಮ ಪ್ರತಿಯ ಜೊತೆ ಒಂದು ಪೆನ್ನಿ ಕಳಿಸಿ, ಎರಡು ಹೊಸ ಪ್ರತಿ ಕೊಡುತ್ತೇವೆ, ಒಂದು ನಿಮಗೆ, ಇನ್ನೊಂದು ನಿಮ್ಮ ಸ್ನೇಹಿತರಿಗೆ. ಮಾರಾಟವಾಗದ ಆ ಆಲ್ಬಮ್ಮಿನ ಹೆಸರು ‘ಸಾಂಗ್ ಸೈಕಲ್’, ಅಂದರೆ ಹಾಡುಗಳ ಮಾಲೆ. ಅದನ್ನು ಮಾಡಿದ ವ್ಯಾನ್ ಡೈಕ್ ಪಾರ್ಕ್ಸ್ ಅವರಿಗೆ ಈ ಜಾಹೀರಾತುಗಳಿಂದ ಬಹಳ ನೋವಾಯಿತು. ತನ್ನ ಕೆಲಸ ಸೋತಿದೆ ಎಂದು ಸ್ವಂತ ಕಂಪನಿಯೇ ಡಂಗುರ ಹೊಡೆದರೆ ಯಾರಿಗೆ ನೋವಾಗದು?

1967ರ ಕೊನೆಗೆ ಹೊರಬಂದ ಈ ಆಲ್ಬಮ್ಮಿನಲ್ಲಿ ಇರುವುದು ಹನ್ನೆರಡು ತುಣುಕು, ಎಲ್ಲ ಸೇರಿ 33 ನಿಮಿಷವೂ ಆಗದು. ಆದರೂ ಮೊದಲ ಸಲ ಕೇಳಿದವರಲ್ಲಿ ಹೆಚ್ಚಿನವರು ಅರ್ಧಕ್ಕೇ ನಿಲ್ಲಿಸುತ್ತಾರೆ. ಸಿದ್ಧವಾದ ಟೇಪನ್ನು ಕೇಳಿದ ಕಂಪನಿಯ ಹಿರಿಯ ಅಧಿಕಾರಿ ಜೋ ಸ್ಮಿತ್, ಹೆಸರು ಸಾಂಗ್ ಸೈಕಲ್ ಎಂದು ತಿಳಿದ ಮೇಲೆ, ‘ಸರಿ, ಹಾಡುಗಳೆಲ್ಲಿ?’ ಎಂದು ಕೇಳಿದರಂತೆ. ಪಾರ್ಕ್ಸ್ ಇದನ್ನು ತಾವೇ ಹೇಳಿಕೊಂಡಿದ್ದಾರೆ. ಪ್ರಶ್ನೆ ಒರಟಾಗಿದ್ದರೂ ಸರಿಯಾದ ಜಾಗಕ್ಕೇ ಕೈ ಹಾಕಿದೆ. ಹಾಡುಗಳು ಇವೆ. ಆದರೆ ಪಾಪ್ ಕೇಳುಗರು ಹುಡುಕುವ ಜಾಗದಲ್ಲಿ, ಅಂದರೆ ಗಾಯಕನ ದನಿಯಲ್ಲಿ ಮತ್ತು ಮರಳಿ ಬರುವ ಪಲ್ಲವಿಯಲ್ಲಿ, ಅವು ಇಲ್ಲ. ಅವು ಇರುವುದು ವಾದ್ಯಸಂಯೋಜನೆಯಲ್ಲಿ. ಇದು ಅರೇಂಜರ್, ಅಂದರೆ ಯಾವ ವಾದ್ಯ ಎಲ್ಲಿ ಏನು ನುಡಿಸಬೇಕೆಂದು ಗೊತ್ತುಮಾಡುವವರು, ಒಬ್ಬರ ಆಲ್ಬಮ್. ಆ ಒಂದು ಸಂಗತಿಯನ್ನು ಒಪ್ಪಿಕೊಂಡು ಕೂತರೆ ಕಷ್ಟದ ಮುಕ್ಕಾಲು ಪಾಲು ಕರಗುತ್ತದೆ.

ಪಾರ್ಕ್ಸ್ ಹುಟ್ಟಿದ್ದು 1943ರಲ್ಲಿ, ಮಿಸಿಸಿಪ್ಪಿ ರಾಜ್ಯದ ಹ್ಯಾಟಿಸ್‌ಬರ್ಗ್‌ನಲ್ಲಿ. ಬಾಲಕರ ಕಾಯರ್ (ವೃಂದಗಾನ) ಶಾಲೆಯಲ್ಲಿ ಹಾಡುತ್ತ ಕಲಿತವರು, ಎಳೆಯ ವಯಸ್ಸಿನಲ್ಲೇ ನಟಿಸಿದವರು. ಅರವತ್ತರ ದಶಕದ ಆರಂಭದಲ್ಲಿ ಕ್ಯಾಲಿಫೋರ್ನಿಯಾಕ್ಕೆ ಬಂದು ಅಣ್ಣ ಕಾರ್ಸನ್ ಜೊತೆ ಜನಪದ ಹಾಡುಗಳನ್ನು ಹಾಡಿದರು. ಡಿಸ್ನಿಯ ‘ದಿ ಜಂಗಲ್ ಬುಕ್’ ಚಿತ್ರದ ‘ದಿ ಬೇರ್ ನೆಸೆಸಿಟೀಸ್’ ಹಾಡಿಗೆ ವಾದ್ಯಸಂಯೋಜನೆ ಮಾಡಿದ್ದು ಈ ಕ್ಷೇತ್ರದಲ್ಲಿ ಅವರ ಮೊದಮೊದಲ ಕೆಲಸ. 1966ರಲ್ಲಿ ಪಾಪ್ ತಂಡ ಬೀಚ್ ಬಾಯ್ಸ್‌ನ ಬ್ರಯಾನ್ ವಿಲ್ಸನ್ ತಮ್ಮ ‘ಸ್ಮೈಲ್’ ಆಲ್ಬಮ್ಮಿಗೆ ಸಾಹಿತ್ಯ ಬರೆಯಲು ಇವರನ್ನು ಕರೆದರು. ಆ ಸಾಹಿತ್ಯದ ಅರ್ಥವೇನೆಂದು ತಂಡದೊಳಗೇ ತಕರಾರು ಎದ್ದು, 1967ರ ಹೊತ್ತಿಗೆ ಪಾರ್ಕ್ಸ್ ಹೊರಬಂದರು, ಆಲ್ಬಮ್ ನಿಂತೇಹೋಯಿತು. ಅದೇ ವರ್ಷ ಅಣ್ಣ ಕಾರ್ಸನ್ ಬರೆದ ‘ಸಮ್‌ಥಿನ್ ಸ್ಟುಪಿಡ್’ ಹಾಡನ್ನು ಫ್ರಾಂಕ್ ಸಿನಾಟ್ರಾ ಮತ್ತು ಮಗಳು ನ್ಯಾನ್ಸಿ ಹಾಡಿ ಜನಪ್ರಿಯ ಹಾಡುಗಳ ಪಟ್ಟಿಯ ತುದಿಗೇರಿಸಿದರು. ಒಂದೇ ಮನೆಯ ಇಬ್ಬರು, ಪಾಪ್ ಸಂಗೀತದ ಎರಡು ತುದಿ.

ವಾರ್ನರ್ ಕಂಪನಿಯಲ್ಲಿ ಆಗಷ್ಟೇ ಕೆಲಸಕ್ಕೆ ಸೇರಿದ್ದ ತರುಣ ನಿರ್ಮಾಪಕ ಲೆನ್ನಿ ವಾರಾಂಕರ್ ಪಾರ್ಕ್ಸ್ ಅವರನ್ನು ನಂಬಿದರು. ಮೊದಲು ಸ್ಕಾಟ್ಲೆಂಡಿನ ಗಾಯಕ ಡೊನೊವನ್‌ನ ‘ಕಲರ್ಸ್’ ಹಾಡನ್ನು ಬರಿಯ ವಾದ್ಯಗಳಿಗೆ ಅಳವಡಿಸಿದ ಒಂದು ಸಿಂಗಲ್ (ಬಿಡಿ ಹಾಡಿನ ರೆಕಾರ್ಡು) ಬಂತು. ಅದರ ಮೇಲೆ ಪಾರ್ಕ್ಸ್ ಹೆಸರೂ ಇರಲಿಲ್ಲ, ‘ಜಾರ್ಜ್ ವಾಷಿಂಗ್ಟನ್ ಬ್ರೌನ್’ ಎಂದಿತ್ತು. ಆಮೇಲೆ ಪೂರ್ತಿ ಆಲ್ಬಮ್ಮಿಗೆ ಕೈ ಹಾಕಿದರು.

ಈಗ ಮೊದಲ ತುಣುಕು ‘ವೈನ್ ಸ್ಟ್ರೀಟ್’ ಹಾಕಿ. ಇದನ್ನು ಬರೆದವರು ಗೀತರಚನೆಕಾರ ರ‍್ಯಾಂಡಿ ನ್ಯೂಮನ್. ಶುರುವಿಗೆ ಕೇಳಿಸುವುದು ಪಾರ್ಕ್ಸ್ ದನಿಯಲ್ಲ. ಸ್ಟೀವ್ ಯಂಗ್ ಎಂಬ ಅಮೆರಿಕದ ದಕ್ಷಿಣ ಸೀಮೆಯ ಗಾಯಕ ‘ಬ್ಲ್ಯಾಕ್ ಜ್ಯಾಕ್ ಡೇವಿ’ ಎಂಬ ಹಳೆಯ ಜನಪದ ಹಾಡನ್ನು ಗಿಟಾರ್ ಹಿಡಿದು ಓಟದ ಲಯದಲ್ಲಿ ಹಾಡುತ್ತಾರೆ. ಕಿವಿ ಅದಕ್ಕೆ ಹೊಂದಿಕೊಳ್ಳುವಷ್ಟರಲ್ಲಿ ಸದ್ದು ತಗ್ಗುತ್ತದೆ, ಅಡಿಯಿಂದ ಪಿಟೀಲುಗಳು ಏಳುತ್ತವೆ, ಪಾರ್ಕ್ಸ್ ಅವರ ತೆಳುವಾದ ಎತ್ತರದ ದನಿ ಬರುತ್ತದೆ. ಈಗ ಕೇಳಿದ್ದು ನಾವು ಹಿಂದೊಮ್ಮೆ ಮಾಡಿದ್ದ ಟೇಪು, ಬೇಸರದ ಮಾತೆಂದರೆ ಅದು ದಡ ಮುಟ್ಟಲಿಲ್ಲ ಎನ್ನುತ್ತದೆ ಆ ದನಿ. ಈ ಒಂದು ಸಾಲಿನಿಂದ ಹಿಂದೆ ಕೇಳಿದ್ದೆಲ್ಲ ಬೇರೆಯೇ ಆಗುತ್ತದೆ. ಮೊದಲು ಬಂದ ಹಾಡು ‘ಈಗ’ ನಡೆಯುತ್ತಿರಲಿಲ್ಲ, ಅದು ಕಥೆಯೊಳಗಿನ ಒಂದು ವಸ್ತು. ಪಿಟೀಲುಗಳು ಅಲಂಕಾರಕ್ಕೆ ಬಂದವಲ್ಲ. ಟೇಪಿನ ಕಾಲದಿಂದ ನೆನಪಿಸಿಕೊಳ್ಳುವ ಕಾಲಕ್ಕೆ ಕೇಳುಗರನ್ನು ದಾಟಿಸುವ ಕೆಲಸ ಅವುಗಳದು. ಅಂದರೆ ಇಲ್ಲಿ ನಿರೂಪಣೆ ಮಾಡುತ್ತಿರುವುದು ಸದ್ದಿನ ಏರಿಳಿತ.

ಆಲ್ಬಮ್ ಪೂರ್ತಿ ಹೀಗೆಯೇ ನಡೆಯುತ್ತದೆ. ನಮ್ಮ ಸಿನಿಮಾ ಹಾಡುಗಳಲ್ಲಿ ಪಲ್ಲವಿ ಮುಗಿದು ಚರಣ ಶುರುವಾಗುವ ಮೊದಲು ಬರುವ ವಾದ್ಯಭಾಗವನ್ನು ಬಲ್ಲವರಿಗೆ ಇದನ್ನು ಹಿಡಿಯುವುದು ಸುಲಭ: ಇಲ್ಲಿ ಆ ವಾದ್ಯಭಾಗವೇ ಹಾಡಿನ ಮೈ, ಹಾಡುವ ಸಾಲುಗಳು ನಡುನಡುವೆ ಬರುವ ಸೇತುವೆಗಳು. ಸಾಮಾನ್ಯ ಪಾಪ್ ಹಾಡಿನಲ್ಲಿ ಡ್ರಮ್ಸ್ ಮತ್ತು ಬಾಸ್ ಒಂದೇ ಲಯವನ್ನು ಹಿಡಿದುಕೊಂಡಿರುತ್ತವೆ, ಕೇಳುಗರು ಅದಕ್ಕೆ ಆತುಕೊಂಡು ಉಳಿದದ್ದನ್ನು ಗಮನಿಸುತ್ತಾರೆ. ಪಾರ್ಕ್ಸ್ ಬಹಳ ಕಡೆ ಆ ಆಸರೆಯನ್ನು ತೆಗೆದುಹಾಕಿದ್ದಾರೆ. ಲಯ ನಿಧಾನಿಸುತ್ತದೆ, ತಟ್ಟನೆ ಓಡುತ್ತದೆ, ಒಂದು ವಾಕ್ಯದ ನಡುವೆಯೇ ಶ್ರುತಿ ಬದಲಾಗುತ್ತದೆ. ಪಿಟೀಲು, ಹಾರ್ಪ್, ಅಕಾರ್ಡಿಯನ್, ರಷ್ಯಾದ ತಂತಿವಾದ್ಯ ಬಾಲಲೈಕಾ ಒಂದರ ಮಾತನ್ನು ಇನ್ನೊಂದು ಕಸಿದುಕೊಂಡು ಮುಂದುವರಿಸುತ್ತವೆ. ದಾರಿ ತಪ್ಪಿದಂತೆ ಅನ್ನಿಸುವುದು ಇದರಿಂದಲೇ ಹೊರತು ರಚನೆ ಸಡಿಲವಾಗಿರುವುದರಿಂದ ಅಲ್ಲ. ಕಾಗದದ ಮೇಲೆ ಬರೆದು ನುಡಿಸಿದ ಸಂಗೀತವಿದು.

ಎರಡನೆಯ ತೊಡಕು ಉಲ್ಲೇಖಗಳು. ರೆಕಾರ್ಡಿನ ಮೊದಲ ಬದಿಯ ಕೊನೆಯ ತುಣುಕಿನ ಹೆಸರು ‘ವ್ಯಾನ್ ಡೈಕ್ ಪಾರ್ಕ್ಸ್’. ಅದರಲ್ಲಿ ಒಂದು ಗುಂಪು ‘ನಿಯರರ್, ಮೈ ಗಾಡ್, ಟು ದೀ’ ಎಂಬ ಕ್ರೈಸ್ತ ಪ್ರಾರ್ಥನಾಗೀತೆಯನ್ನು ಹಾಡುವುದು ಗದ್ದಲದ ನಡುವೆ ಕೇಳಿಸುತ್ತದೆ. ಟೈಟಾನಿಕ್ ಮುಳುಗುವಾಗ ವಾದ್ಯಗಾರರು ನುಡಿಸಿದರೆಂದು ಜನ ನಂಬಿಕೊಂಡು ಬಂದ ಗೀತೆ ಅದು. ಅಮೆರಿಕದ ಕೇಳುಗರಿಗೆ ಅದರ ಎರಡು ಸ್ವರ ಬಿದ್ದರೆ ಸಾಕು, ಹಡಗು ಕಣ್ಣ ಮುಂದೆ ಬರುತ್ತದೆ. ಈ ತುಣುಕಿನ ರಚನೆಕಾರರ ಜಾಗದಲ್ಲಿ ‘ಪಬ್ಲಿಕ್ ಡೊಮೇನ್’ ಎಂದು, ಅಂದರೆ ಯಾರ ಹಕ್ಕೂ ಉಳಿಯದ ಸಾರ್ವಜನಿಕ ಸ್ವತ್ತು ಎಂದು ಬರೆದಿದೆ. ತಿರುಗಿಸಿ ಎರಡನೆಯ ಬದಿ ಹಾಕಿದರೆ ಮೊದಲ ತುಣುಕಿನ ಹೆಸರೇ ‘ಪಬ್ಲಿಕ್ ಡೊಮೇನ್’, ಅದರ ರಚನೆಕಾರ ವ್ಯಾನ್ ಡೈಕ್ ಪಾರ್ಕ್ಸ್! ಚೇಷ್ಟೆಯಂತೆ ಕಂಡರೂ ಆಲ್ಬಮ್ಮಿನ ಆಲೋಚನೆ ಇಲ್ಲಿ ಅಡಕವಾಗಿದೆ. ಹಳೆಯ ಭಜನೆ, ಬ್ಯಾಂಡಿನ ಕವಾಯತು, ಹಳ್ಳಿಯ ಹಾಡು, ನಾಟಕರಂಗದ ಸಂಗೀತ, ಇವೆಲ್ಲ ಒಬ್ಬ ಅಮೆರಿಕನ್ನನ ತಲೆಯಲ್ಲಿ ಒಟ್ಟಿಗೆ ಗುನುಗುತ್ತಿರುತ್ತವೆ. ತಾನು ಬರೆದದ್ದು ಎಲ್ಲಿ ಮುಗಿಯಿತು, ಪಡೆದದ್ದು ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯುವುದು ಸುಲಭವಲ್ಲ. ಕನೆಕ್ಟಿಕಟ್‌ನ ಸಂಗೀತ ರಚನೆಕಾರ ಚಾರ್ಲ್ಸ್ ಐವ್ಸ್ ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ತಮ್ಮ ಆರ್ಕೆಸ್ಟ್ರಾ ಕೃತಿಗಳಲ್ಲಿ ಪ್ರಾರ್ಥನಾಗೀತೆ ಮತ್ತು ಬ್ಯಾಂಡಿನ ಮಟ್ಟುಗಳನ್ನು ಒಂದರ ಮೇಲೊಂದು ಹೇರಿ ಇದನ್ನು ಮಾಡಿ ತೋರಿಸಿದ್ದರು. ಪಾರ್ಕ್ಸ್ ಅದೇ ದಾರಿಯನ್ನು ಪಾಪ್ ರೆಕಾರ್ಡಿನೊಳಕ್ಕೆ ತಂದರು.

ಹಾಡುಗಳ ಹೆಸರುಗಳನ್ನು ತಿಳಿದುಕೊಂಡು ಕೂತರೆ ಸಾಹಿತ್ಯ ಅಷ್ಟಿಷ್ಟು ಹತ್ತಿರವಾಗುತ್ತದೆ. ವೈನ್ ಸ್ಟ್ರೀಟ್ ಹಾಲಿವುಡ್‌ನ ಬೀದಿ, ಕ್ಯಾಪಿಟಲ್ ರೆಕಾರ್ಡ್ ಕಂಪನಿಯ ದುಂಡು ಕಟ್ಟಡ ಇರುವುದು ಅಲ್ಲೇ. ಪಾಮ್ ಡೆಸರ್ಟ್ ಅದೇ ಕ್ಯಾಲಿಫೋರ್ನಿಯಾ ರಾಜ್ಯದ ಮರುಭೂಮಿಯ ಊರು. ಲಾರೆಲ್ ಕ್ಯಾನಿಯನ್ ಬುಲೆವಾರ್ಡ್ ಹಾಲಿವುಡ್ ಗುಡ್ಡಗಳ ನಡುವೆ ಸುತ್ತಿಕೊಂಡು ಹೋಗುವ ರಸ್ತೆ, ಆ ಕಾಲದ ಸಂಗೀತಗಾರರು ಮನೆ ಮಾಡಿಕೊಂಡಿದ್ದ ಜಾಗ. ಈ ಹೆಸರಿನ ತುಣುಕು ಎರಡು ಬದಿಯಲ್ಲೂ ಒಂದೊಂದು ಸಲ ಬರುತ್ತದೆ. ‘ವಿಡೋಸ್ ವಾಕ್’ ಎಂದರೆ ಅಮೆರಿಕದ ಈಶಾನ್ಯ ಕರಾವಳಿಯ ಹಳೆಯ ಮನೆಗಳ ಚಾವಣಿಯ ಮೇಲಿನ ಕಟಕಟೆಯ ಜಗಲಿ. ಕಡಲಿಗೆ ಹೋದ ಗಂಡನ ಹಡಗು ಬರುತ್ತಿದೆಯೇ ಎಂದು ಹೆಂಡತಿ ಅಲ್ಲಿ ನಿಂತು ನೋಡುತ್ತಿದ್ದಳೆಂಬ ಪ್ರತೀತಿ ಹೆಸರಿನಲ್ಲೇ ಉಳಿದಿದೆ. ‘ಬೈ ದ ಪೀಪಲ್’ (ಜನರಿಂದ) ಎಂಬುದು ಲಿಂಕನ್ 1863ರ ಗೆಟಿಸ್‌ಬರ್ಗ್ ಭಾಷಣದಲ್ಲಿ ಆಡಿದ ಮಾತಿನ ತುಂಡು. ಆ ಹಾಡಿನಲ್ಲಿ ಬಾಲಲೈಕಾ ಮಿಡಿಯುವುದಕ್ಕೆ ಕಾರಣವಿದೆ: ಶೀತಲ ಸಮರದ ಎದುರಾಳಿಗಳಾದ ಅಮೆರಿಕ ಮತ್ತು ಸೋವಿಯತ್ ರಷ್ಯಾ ಅದರಲ್ಲಿ ಮುಖಾಮುಖಿಯಾಗುತ್ತವೆ.

ಸಾಲುಗಳ ಒಳಗೆ ಶ್ಲೇಷೆ ಮತ್ತು ಒಳಪ್ರಾಸ ದಟ್ಟವಾಗಿವೆ. ಲಾರೆಲ್ ಕ್ಯಾನಿಯನ್ ತುಣುಕಿನ ಒಂದೇ ಉಸಿರಿನಲ್ಲಿ ‘ಸೀಟ್, ಬೀಟ್, ಗ್ರೀಟ್, ಈಟ್’ ಎಂದು ನಾಲ್ಕು ಪ್ರಾಸಗಳು ಬೀಳುತ್ತವೆ. ಸದ್ದು ಸದ್ದನ್ನು ಎಳೆದುಕೊಂಡು ಬರುತ್ತದೆ, ಅರ್ಥ ಹಿಂದಿನಿಂದ ಬರುತ್ತದೆ. ಮೊದಲ ಮೂರು ನಾಲ್ಕು ಸಲ ಕೇಳುವಾಗ ಅರ್ಥವನ್ನು ಅಟ್ಟಿಸಿಕೊಂಡು ಹೋಗುವುದು ಬೇಡ. ಹಾಗೆ ಹೋದರೆ ಆಗುವುದಿಷ್ಟೆ: ಕಿವಿ ಪದಗಳಿಗೆ ಕಟ್ಟುಬಿದ್ದು ವಾದ್ಯಗಳು ಹಿನ್ನೆಲೆಗೆ ಸರಿಯುತ್ತವೆ, ಪದಗಳೂ ಪೂರ್ತಿ ಸಿಗುವುದಿಲ್ಲ, ಎರಡೂ ತಪ್ಪುತ್ತವೆ.

ಇನ್ನು ಸದ್ದಿನ ವಿಷಯ. ತಂತ್ರಜ್ಞರಾಗಿ ಲೀ ಹರ್ಷ್‌ಬರ್ಗ್ ಮತ್ತು ಬ್ರೂಸ್ ಬಾಟ್ನಿಕ್ ಕೆಲಸ ಮಾಡಿದರು. ಅದೇ ಕಾಲದಲ್ಲಿ ಡೋರ್ಸ್ ಎಂಬ ರಾಕ್ ತಂಡದ ಆಲ್ಬಮ್ಮುಗಳನ್ನು ಧ್ವನಿಮುದ್ರಿಸುತ್ತಿದ್ದವರೂ ಬಾಟ್ನಿಕ್ ಅವರೇ. ಹಾಲಿವುಡ್ ಸ್ಟುಡಿಯೊಗಳು ನಾಲ್ಕು ಟ್ರ್ಯಾಕಿನ ಯಂತ್ರದಿಂದ ಎಂಟು ಟ್ರ್ಯಾಕಿಗೆ ದಾಟುತ್ತಿದ್ದ ಸಮಯ ಅದು. ಟ್ರ್ಯಾಕ್ ಎಂದರೆ ಟೇಪಿನ ಮೇಲೆ ಬೇರೆಯಾಗಿ ಮುದ್ರಿಸಬಹುದಾದ ಒಂದು ಪಟ್ಟಿ. ಇಷ್ಟು ವಾದ್ಯಗಳನ್ನು ಅಷ್ಟು ಕಡಿಮೆ ಟ್ರ್ಯಾಕಿನಲ್ಲಿ ಕೂಡಿಸುವುದಕ್ಕೆ ಆಗ ಇದ್ದ ಉಪಾಯ ಹೀಗೆ: ನಾಲ್ಕು ಟ್ರ್ಯಾಕಿನ ಯಂತ್ರದಲ್ಲಿ ಮೂರನ್ನು ತುಂಬಿಸಿ, ಆ ಮೂರನ್ನೂ ಬೆರೆಸಿ ನಾಲ್ಕನೆಯದಕ್ಕೆ ನಕಲು ಮಾಡಬೇಕು, ಖಾಲಿಯಾದ ಮೂರರ ಮೇಲೆ ಹೊಸದನ್ನು ತುಂಬಬೇಕು. ಇದಕ್ಕೆ ಬೆಲೆ ಎರಡು. ಟೇಪಿಗೆ ತನ್ನದೇ ಆದ ‘ಸ್ಸ್’ ಎಂಬ ಸದ್ದಿದೆ. ಮೂಲದ ಸದ್ದಿಗೆ ನಕಲಿನ ಸದ್ದು ಸಮಸಮ ಸೇರಿದರೆ ಸುಮಾರು 3 ಡೆಸಿಬೆಲ್ ಏರುತ್ತದೆ, ಹಾರ್ಪಿನಂಥ ಮೆಲುದನಿಯ ವಾದ್ಯ ಅದರೊಳಗೆ ಹೂತುಹೋಗುವ ಅಪಾಯ. ಎರಡನೆಯದು, ಒಮ್ಮೆ ಬೆರೆಸಿದ್ದನ್ನು ಬಿಡಿಸಲಾಗದು. ಮುಂದೆ ಅಕಾರ್ಡಿಯನ್ ಜಾಸ್ತಿಯಾಯಿತು ಅನ್ನಿಸಿದರೆ ಅದರ ಜೊತೆ ಬೆರೆತ ಪಿಟೀಲನ್ನೂ ತಗ್ಗಿಸಬೇಕಾಗುತ್ತದೆ. ಹಾಗಾಗಿ ಯಾವ ವಾದ್ಯ ಯಾವ ಕ್ಷಣಕ್ಕೆ ಎಷ್ಟು ಮುಂದೆ ಬರಬೇಕು ಎಂಬುದು ಕೆಲಸದ ಆರಂಭದಲ್ಲೇ ತೀರ್ಮಾನವಾಗಿರಬೇಕಿತ್ತು. ಇಂದು ಕಂಪ್ಯೂಟರಿನಲ್ಲಿ ನೂರು ಟ್ರ್ಯಾಕ್ ತೆರೆದುಕೊಂಡು ಕೊನೆಯ ದಿನ ತೀರ್ಮಾನಿಸುವವರು ಈ ಆಲ್ಬಮ್ಮನ್ನು ಅದೊಂದಕ್ಕಾದರೂ ಕೇಳಬೇಕು.

ಬಾಟ್ನಿಕ್ ಇದಕ್ಕಾಗಿ ಹುಡುಕಿದ ಒಂದು ತಂತ್ರಕ್ಕೆ ‘ಫಾರ್ಕಲ್’ ಎಂದು ಹೆಸರು ಬಿತ್ತು. ಟೇಪ್ ರೆಕಾರ್ಡರಿನಲ್ಲಿ ಟೇಪನ್ನು ಎಳೆಯುವುದು ಕ್ಯಾಪ್‌ಸ್ಟನ್ ಎಂಬ ನಯವಾದ ತಿರುಗುವ ಕಡ್ಡಿ. ಅದು ಎಷ್ಟು ದುಂಡಗಿದ್ದರೆ ಟೇಪಿನ ವೇಗ ಅಷ್ಟು ಸಮ. ಬಾಟ್ನಿಕ್ ಅಂಟುಪಟ್ಟಿಯನ್ನು ಎಂಟು ಎಲೆಯ ಬೀಸಣಿಗೆಯಂತೆ ಮಡಿಸಿ ಆ್ಯಂಪೆಕ್ಸ್ 300 ಯಂತ್ರದ ಕ್ಯಾಪ್‌ಸ್ಟನ್‌ಗೆ ಅಂಟಿಸಿದರು, ಸೆಕೆಂಡಿಗೆ 30 ಇಂಚಿನ ವೇಗದಲ್ಲಿ ಓಡಿಸಿದರು. ಪ್ರತಿ ಎಲೆ ತಾಗುವಾಗಲೂ ಟೇಪಿನ ಓಟ ಒಂದು ಚೂರು ಕದಲುತ್ತದೆ, ಓಟ ಕದಲಿದರೆ ಶ್ರುತಿ ಕದಲುತ್ತದೆ. ಲೆಕ್ಕಕ್ಕೆಂದು ಕ್ಯಾಪ್‌ಸ್ಟನ್ನಿನ ಸುತ್ತಳತೆ ಒಂದೂವರೆ ಇಂಚು ಎಂದಿಟ್ಟುಕೊಳ್ಳಿ: ಸೆಕೆಂಡಿಗೆ 20 ಸುತ್ತು, ಸುತ್ತಿಗೆ 8 ಎಲೆ, ಒಟ್ಟು 160 ನಡುಕ. ಗಾಯಕರ ದನಿಯ ಕಂಪನ ಸೆಕೆಂಡಿಗೆ ಐದಾರು ಸಲ ಮಾತ್ರ, ಅದನ್ನು ಕಿವಿ ಏರಿಳಿತವಾಗಿ ಎಣಿಸಬಲ್ಲದು. ನೂರು ದಾಟಿದ ನಡುಕವನ್ನು ಕಿವಿ ಏರಿಳಿತವೆಂದು ಗುರುತಿಸುವುದಿಲ್ಲ, ಅದನ್ನು ವಾದ್ಯದ ನಾದಗುಣವೇ ಬದಲಾದಂತೆ ಕೇಳುತ್ತದೆ. ಆಲ್ಬಮ್ಮಿನ ಕೆಲವೆಡೆ ಪಿಟೀಲು ಮತ್ತು ಹಾರ್ಪ್ ಮಿರುಗುತ್ತ, ಒಂದಿಷ್ಟು ತರಿತರಿಯಾಗಿ, ಯಾವುದೋ ಹೊಸ ವಾದ್ಯದಂತೆ ಕೇಳಿಸಿದರೆ ಈ ಬೀಸಣಿಗೆಯನ್ನು ನೆನೆಯಿರಿ. ಇಂಥ ತಂತ್ರದಲ್ಲಿ ಎಡವಟ್ಟಾಗುವುದೂ ಸುಲಭ. ಎಲೆ ದಪ್ಪವಾದರೆ ಟೇಪು ಕ್ಯಾಪ್‌ಸ್ಟನ್ನಿನ ಹಿಡಿತ ತಪ್ಪಿಸಿಕೊಂಡು ಜಾರುತ್ತದೆ, ಶ್ರುತಿಯೇ ಕೆಟ್ಟು ಉಳಿದ ವಾದ್ಯಗಳ ಜೊತೆ ಕೂಡುವುದಿಲ್ಲ.

ಆಲ್ಬಮ್ಮಿನ ನಿಜವಾದ ದೋಷವೊಂದನ್ನೂ ಇಲ್ಲಿ ಹೇಳಬೇಕು. ಮಾತಿನ ಸ್ಪಷ್ಟತೆ ಕೊಡುವ ವ್ಯಂಜನಗಳು ಕೂತಿರುವುದು ಹೆಚ್ಚಾಗಿ 1,000ದಿಂದ 4,000 ಹರ್ಟ್ಸ್ ನಡುವೆ. ಅಕಾರ್ಡಿಯನ್, ಪಿಟೀಲು, ಬಾಲಲೈಕಾಗಳ ತೀಕ್ಷ್ಣ ಭಾಗವೂ ಅಲ್ಲೇ. ಎರಡು ಸದ್ದು ಕಂಪನಗಳ ಒಂದೇ ಪಟ್ಟಿಯಲ್ಲಿ ಕೂತಾಗ ಜೋರಾದದ್ದು ಮೆದುವಾದದ್ದನ್ನು ಮುಚ್ಚುತ್ತದೆ. ಪಾರ್ಕ್ಸ್ ಅವರದು ತೆಳು ದನಿ, ಮೇಲಾಗಿ ಅದನ್ನು ಅವರು ಬಹಳ ಕಡೆ ವಾದ್ಯಗಳ ಸಾಲಿನಲ್ಲೇ ಕೂರಿಸಿದ್ದಾರೆ. ಇಷ್ಟು ಮುತುವರ್ಜಿಯಿಂದ ಬರೆದ ಸಾಹಿತ್ಯ ಕಿವಿಗೆ ಬೀಳದೆ ಹೋಗುವುದು ನಷ್ಟವೇ. ‘ಪಬ್ಲಿಕ್ ಡೊಮೇನ್’ನಲ್ಲಿ ಈ ಇಕ್ಕಟ್ಟು ಎದ್ದು ಕಾಣುತ್ತದೆ.

ಮಾರುಕಟ್ಟೆಯಲ್ಲಿ ಸೋತದ್ದರ ಹಿಂದೆಯೂ ಇವೇ ಕಾರಣಗಳಿವೆ. ಆಗಿನ ಎಎಂ ರೇಡಿಯೊ ಒಂದೇ ಸ್ಪೀಕರಿನ ಕಾರುಗಳಿಗೆ ಪ್ರಸಾರವಾಗುತ್ತಿತ್ತು. ಎರಡೂವರೆ ಮೂರು ನಿಮಿಷದ ಹಾಡು, ಮೊದಲ ಕೆಲವು ಸೆಕೆಂಡಿನಲ್ಲೇ ಗಾಯಕರ ಗುರುತು, ಗಟ್ಟಿಯಾದ ತಾಳ ಅದಕ್ಕೆ ಬೇಕು. ಮೆಲುದನಿಯ ಹಾರ್ಪು ಅಲ್ಲಿ ಸೇರುವುದೇ ಇಲ್ಲ. ಮೊದಲ ಹಾಡಿನ ಆರಂಭದಲ್ಲಿ ಹಾಡುವವರೇ ಬೇರೆಯವರಾದರೆ ಉದ್ಘೋಷಕ ಯಾರ ಹೆಸರು ಹೇಳಬೇಕು? ಇನ್ನೊಂದೆಡೆ ಆರ್ಕೆಸ್ಟ್ರಾ ಕಲಾವಿದರಿಗೆ ಅವರ ಕಾರ್ಮಿಕ ಸಂಘದ ದರದಲ್ಲಿ, ಮೂರು ಗಂಟೆಯ ಸೆಷನ್ ಲೆಕ್ಕದಲ್ಲಿ ಸಂಬಳ. ತಂಡವೊಂದು ತನ್ನದೇ ಗಿಟಾರ್ ಡ್ರಮ್ಸ್ ಹಿಡಿದು ಬಂದರೆ ಆ ಖರ್ಚು ಇಲ್ಲ. ಇಲ್ಲಿ ಪ್ರತಿ ಪ್ರಯೋಗದ ಹಿಂದೆಯೂ ಗಡಿಯಾರ ಓಡುತ್ತಿತ್ತು.

ಈಗ ಕೇಳುವವರಿಗೆ ಕೆಲವು ಮಾತು. ಫೋನಿನ ಸ್ಪೀಕರಿನಲ್ಲಿ ಕೇಳಿದರೆ ಎಡಬಲದ ಹಂಚಿಕೆ ಹೋಗಿಬಿಡುತ್ತದೆ, ಮೇಲೆ ಹೇಳಿದ ಇಕ್ಕಟ್ಟು ಇಮ್ಮಡಿಯಾಗುತ್ತದೆ. ಹೆಡ್‌ಫೋನ್ ಇಲ್ಲವೇ ಎರಡು ಸ್ಪೀಕರ್ ಬೇಕು. ಆ್ಯಪಿನಲ್ಲಿ ಷಫಲ್ (ಕ್ರಮ ಕಲಸುವುದು) ಮತ್ತು ಕ್ರಾಸ್‌ಫೇಡ್ (ಒಂದು ಹಾಡನ್ನು ಮುಂದಿನದರೊಳಗೆ ಕರಗಿಸುವುದು) ಎರಡನ್ನೂ ತೆಗೆದುಹಾಕಿ, ತುಣುಕುಗಳ ಕ್ರಮಕ್ಕೂ ನಡುವಿನ ಬಿಡುವಿಗೂ ಇಲ್ಲಿ ಅರ್ಥವಿದೆ. ಎಲ್ಲ ಹಾಡನ್ನೂ ಒಂದೇ ಮಟ್ಟಕ್ಕೆ ತರುವ ವಾಲ್ಯೂಮ್ ನಾರ್ಮಲೈಸೇಷನ್ ಇದ್ದರೆ ಅದನ್ನೂ ಆಫ್ ಮಾಡುವುದು ಒಳ್ಳೆಯದು. ತೀರ ಮೆದುವಾದ ಜಾಗ ಬಂದಾಗ ವಾಲ್ಯೂಮ್ ಏರಿಸಬೇಡಿ, ಮುಂದಿನ ಸಾಲಿನಲ್ಲೇ ಇಡೀ ಆರ್ಕೆಸ್ಟ್ರಾ ಬರಬಹುದು.

ಎಲ್ಲಿಂದ ಶುರು ಮಾಡಬೇಕು? ‘ದಿ ಆಲ್ ಗೋಲ್ಡನ್’ನಿಂದ. ಮೊದಲ ಹಾಡಿನ ಆರಂಭದಲ್ಲಿ ಕೇಳಿದ ಸ್ಟೀವ್ ಯಂಗ್ ಅವರನ್ನೇ ಕುರಿತ ಹಾಡಿದು, ಮಟ್ಟು ಸ್ಪಷ್ಟ, ಆತ್ಮೀಯತೆ ಎದ್ದು ಕೇಳಿಸುತ್ತದೆ. ಆಮೇಲೆ ‘ಡೊನೊವನ್ಸ್ ಕಲರ್ಸ್’. ಇದರಲ್ಲಿ ಸಾಹಿತ್ಯದ ಕಾಟವಿಲ್ಲ. ಸರಳವಾದ ಒಂದು ಮಟ್ಟು ವಾದ್ಯದಿಂದ ವಾದ್ಯಕ್ಕೆ ಕೈ ಬದಲಾಯಿಸುತ್ತ ಹೋಗುತ್ತದೆ. ಮೊದಲು ಡೊನೊವನ್‌ನ 1965ರ ಮೂಲ ಹಾಡನ್ನು ಒಮ್ಮೆ ಕೇಳಿ, ತಕ್ಷಣ ಇದನ್ನು ಹಾಕಿದರೆ ಪಾರ್ಕ್ಸ್ ಏನು ಉಳಿಸಿಕೊಂಡರು, ಏನು ಕಟ್ಟಿದರು ಎಂಬುದು ತಾನಾಗಿ ಬಿಚ್ಚಿಕೊಳ್ಳುತ್ತದೆ. ಅರೇಂಜಿಂಗ್ ಎಂದರೇನು ಎಂದು ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ಆ ದಶಕದ ಪಾಪ್‌ನಲ್ಲಿ ವಿರಳ. ಮೂರನೆಯದಾಗಿ ‘ವೈನ್ ಸ್ಟ್ರೀಟ್’. ಈ ಮೂರೂ ಪರಿಚಯವಾದ ಮೇಲೆ, ಇನ್ನೊಂದು ದಿನ, ಮೊದಲಿನಿಂದ ಕೊನೆಯವರೆಗೆ ಒಂದೇ ಕೂರಿಕೆಯಲ್ಲಿ ಕೇಳಿ, ಸಾಹಿತ್ಯವನ್ನು ಎದುರಿಗೆ ಇಟ್ಟುಕೊಳ್ಳದೆ. ಸಾಹಿತ್ಯ ಓದಿಕೊಂಡು ಕೇಳುವುದು ಅದರ ಮುಂದಿನ ಸಲಕ್ಕಿರಲಿ.

ಇಷ್ಟವಾದರೆ ಮುಂದಿನ ನಿಲ್ದಾಣ ಎರಡು. 1968ರಲ್ಲಿ ವಾರಾಂಕರ್ ಮತ್ತು ಪಾರ್ಕ್ಸ್ ಸೇರಿ ನಿರ್ಮಿಸಿದ ರ‍್ಯಾಂಡಿ ನ್ಯೂಮನ್ ಅವರ ಮೊದಲ ಆಲ್ಬಮ್: ಅಲ್ಲೂ ಆರ್ಕೆಸ್ಟ್ರಾವೇ ಕಥೆ ಹೇಳುತ್ತದೆ, ಆದರೆ ಪ್ರತಿ ಪದವೂ ಕಿವಿಗೆ ಸ್ಪಷ್ಟವಾಗಿ ಬೀಳುತ್ತದೆ. ಇನ್ನೊಂದು 1972ರ ‘ಡಿಸ್ಕವರ್ ಅಮೆರಿಕಾ’. ಅದರಲ್ಲಿ ಪಾರ್ಕ್ಸ್ ಟ್ರಿನಿಡಾಡ್‌ನ ಕ್ಯಾಲಿಪ್ಸೊ ಹಾಡುಗಳನ್ನು ಎತ್ತಿಕೊಂಡಿದ್ದಾರೆ. ಸಾಂಗ್ ಸೈಕಲ್ ಬೇಕೆಂದೇ ಬಿಟ್ಟುಕೊಟ್ಟಿದ್ದ ತಾಳದ ಆಸರೆ ಅಲ್ಲಿ ಮರಳಿ ಸಿಗುತ್ತದೆ.